ಸಾಧು ನಾಯಿ ಹಲ್ಲು ತೋರಿಸಿದಾಗ

ವರ್ಷಗಟ್ಟಲೆ ಮನೆಯಲ್ಲಿ ಮಗುವಿನಂತೆ ಬೆಳೆದ ನಾಯಿ. ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಿತ್ತು, ತಟ್ಟೆಗೆ ಕೈ ಹಾಕಿದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಒಂದು ಬೆಳಗ್ಗೆ ಅದೇ ನಾಯಿ ಅನ್ನ ಹಾಕುವ ಕೈಗೇ ಬಾಯಿ ಹಾಕುತ್ತದೆ. ಆಮೇಲೆ ಬೆಂಗಳೂರಿನ ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಮೊದಲು ಏಟು, ಆಮೇಲೆ ದಿನವಿಡೀ ಚೈನು, ಅದಾದ ಮೇಲೆ ‘ಇದನ್ನ ಎಲ್ಲಾದ್ರೂ ಬಿಟ್ಟು ಬರೋಣ’ ಎನ್ನುವ ಮಾತು. ಡಾಕ್ಟರ ನೆನಪಾಗುವುದು ಎಲ್ಲ ಮುಗಿದ ಮೇಲೆ.

ಈ ಕ್ರಮ ತಲೆಕೆಳಗಾಗಿದೆ. ಇಷ್ಟು ವರ್ಷ ಮೆತ್ತಗಿದ್ದ ಪ್ರಾಣಿಯ ಸ್ವಭಾವ ರಾತ್ರೋರಾತ್ರಿ ಕೆಡುವುದು ಅಪರೂಪ. ಕೆಟ್ಟಿರುವುದು ಹೆಚ್ಚಾಗಿ ಅದರ ಮೈ, ಇಲ್ಲವೇ ಅದರ ಸುತ್ತಲಿನ ಏನೋ ಒಂದು. ಅದನ್ನು ಹುಡುಕುವ ದಾರಿ ಇದೆ. ಹುಡುಕುವಷ್ಟು ದಿನ ಮನೆಯವರು ಕಚ್ಚಿಸಿಕೊಳ್ಳದೆ ಇರುವ ದಾರಿಯೂ ಇದೆ.

1. ಮೊದಲು ಜಾಗ ಬಿಡಿ

ನಾಯಿ ಗುರ್ ಎಂದ ಕ್ಷಣದಲ್ಲಿ ಅದಕ್ಕೆ ಪಾಠ ಕಲಿಸಲು ಹೋಗಬೇಡಿ. ಕೂಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕತ್ತಿನ ಬೆಲ್ಟಿಗೆ ಕೈ ಹಾಕಬೇಡಿ. ಬೆಲ್ಟು ಹಿಡಿಯಲು ಹೋದಾಗ ಕಡಿತವಾಗಬಹುದು. ಪಕ್ಕಕ್ಕೆ ತಿರುಗಿ ನಿಧಾನವಾಗಿ ಹಿಂದೆ ಸರಿಯಿರಿ. ಬಿಸ್ಕತ್ತೋ ಬೇಯಿಸಿದ ಚಿಕನ್ ತುಂಡೋ ದೂರಕ್ಕೆ ಎಸೆದು, ನಾಯಿ ಆ ಕಡೆ ಹೋದಾಗ ನಡುವಿನ ಬಾಗಿಲು ಹಾಕಿಕೊಳ್ಳಿ. ಮನೆಯ ಎರಡು ನಾಯಿಗಳು ಕಾದಾಡುತ್ತಿದ್ದರೆ ನಡುವೆ ಕೈ ಹಾಕಲೇಬೇಡಿ. ಒಂದು ಬಕೆಟ್ ನೀರು ಎರಚಿ, ಇಲ್ಲವೇ ದಪ್ಪ ಕಂಬಳಿ ಎಸೆಯಿರಿ.

2. ಹಲ್ಲು ತಾಗಿದೆಯೇ? ಸೋಪು, ನಲ್ಲಿ, 15 ನಿಮಿಷ

‘ನಮ್ಮನೆ ನಾಯಿ ತಾನೇ, ಇಂಜೆಕ್ಷನ್ ಹಾಕಿಸಿದ್ದೀವಲ್ಲ’ ಎಂದು ಸುಮ್ಮನಾಗಬೇಡಿ. ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ನಾವು 15 ನಿಮಿಷ ಎಂದುಕೊಳ್ಳುವುದು ಸಾಮಾನ್ಯವಾಗಿ ಎರಡು ನಿಮಿಷವನ್ನೂ ದಾಟಿರುವುದಿಲ್ಲ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಬಿಗಿಯಾಗಿ ಬಟ್ಟೆಯನ್ನೂ ಕಟ್ಟಬೇಡಿ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರಾಜಾಜಿನಗರದ ಕಡೆಯವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ; ಸ್ನಾಯುವಿಗೆ ಹಾಕುವುದಾದರೆ 14ನೇ ದಿನವೂ ಸೇರಿ ಐದು ಸಲ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಹಾಕಬೇಕಾಗುತ್ತದೆ. ವೈದ್ಯರು ಮರೆತರೆ ನೀವೇ ಕೇಳಿ. ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿ ಉಳಿದರೆ ಮುಂದಿನ ಡೋಸ್ ಬೇಕೇ ಬೇಡವೇ ಎಂದು ವೈದ್ಯರು ಹೇಳುತ್ತಾರೆ. ಆ 10 ದಿನ ನೋಡಿಕೊಂಡು ಆಮೇಲೆ ಶುರು ಮಾಡೋಣ ಎನ್ನುವುದು ಪ್ರಾಣಕ್ಕೆ ಎರವಾಗುವ ಲೆಕ್ಕಾಚಾರ.

3. ರೇಬಿಸ್ ಎನ್ನುವ ಪ್ರಶ್ನೆಯನ್ನು ಮೊದಲ ದಿನವೇ ಎದುರಿಸಿ

ಸಾಧು ನಾಯಿ ಏಕಾಏಕಿ ಮುನಿದರೆ ಪಶುವೈದ್ಯರು ಮೊದಲು ಕೇಳುವುದು ಎರಡು ಪ್ರಶ್ನೆ: ಕೊನೆಯ ರೇಬಿಸ್ ಲಸಿಕೆ ಯಾವಾಗ? ಕಳೆದ ಕೆಲವು ತಿಂಗಳಲ್ಲಿ ಬೀದಿನಾಯಿಯ ಜೊತೆ ಕಚ್ಚಾಟ ಆಗಿತ್ತೇ? ನಮ್ಮ ಬಡಾವಣೆಗಳಲ್ಲಿ ಗೇಟಿನ ಸರಳುಗಳ ನಡುವೆಯೇ ಮೂತಿಗೆ ಮೂತಿ ತಾಗಿಸಿ ಜಗಳವಾಡುವ ನಾಯಿಗಳು ಎಷ್ಟೋ. ಸಣ್ಣ ತರಚು ಗಾಯ ಕೂದಲಿನಡಿ ಮುಚ್ಚಿಹೋಗಿರುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಬೊಗಳುವ ದನಿ ಬದಲಾಗಿದೆಯೇ? ಜೊಲ್ಲು ಸುರಿಯುತ್ತಿದೆಯೇ? ಕೆಳದವಡೆ ಜೋತುಬಿದ್ದಿದೆಯೇ? ನೀರು ನುಂಗಲು ಒದ್ದಾಡುತ್ತಿದೆಯೇ? ಮಣ್ಣು, ಕಟ್ಟಿಗೆ ಕಚ್ಚುತ್ತಿದೆಯೇ? ಕತ್ತಲೆಯ ಮೂಲೆ ಹಿಡಿದು ಕೂತಿದೆಯೇ? ಇದರಲ್ಲಿ ಯಾವುದು ಕಂಡರೂ ನಾಯಿಯನ್ನು ಒಂದು ಕೋಣೆಯಲ್ಲಿ ಕೂಡಿ, ಮುಟ್ಟದೆ, ಪಶುವೈದ್ಯರಿಗೆ ಫೋನ್ ಮಾಡಿ. ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡಿರಬೇಕು ಎಂದು ಬಾಯಿಗೆ ಕೈ ಹಾಕುವುದು ಬಹಳ ಮನೆಗಳಲ್ಲಿ ಆಗುವ ಅನಾಹುತ. ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ, ಚಿಕಿತ್ಸೆ ಇಲ್ಲ. ಸತ್ತ ನಾಯಿಯ ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ರೇಬಿಸ್ ಪ್ರಯೋಗಾಲಯವಿದೆ. ಅದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು.  ಲಸಿಕೆ ಪುಸ್ತಕ ಸರಿಯಾಗಿದ್ದರೆ ರೇಬಿಸ್ ಭಯ ಬಹುಪಾಲು ಇಲ್ಲಿಗೇ ಇಳಿಯುತ್ತದೆ.

4. ನೋವು ಎಲ್ಲಿದೆ ಎಂದು ಕೇಳಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಾಯಿ ನೋವನ್ನು ಅತ್ತು ತೋರಿಸುವುದಿಲ್ಲ. ಕುಂಯ್‌ಗುಟ್ಟುವುದು, ಕುಂಟುವುದು ಬರುವುದು ತುಂಬ ತಡವಾಗಿ. ಅದಕ್ಕೂ ಮುಂಚೆ ಬರುವುದು ಸಿಡುಕು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜೊತೆಯವರು 2020ರಲ್ಲಿ ಬರೆದ ಲೇಖನದ ಪ್ರಕಾರ, ನಡವಳಿಕೆ ಕೆಟ್ಟಿದೆಯೆಂದು ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಭಾಗಕ್ಕೆ ಯಾವುದೋ ನೋವಿರುತ್ತದೆ. ಕೆಲವು ತಜ್ಞರ ಬಳಿ ಅದು ಶೇ 80ರವರೆಗೂ ಹೋಗಬಹುದು. ಬಾರ್ಸಿಲೋನಾದ ಪಶುವೈದ್ಯರು 2012ರಲ್ಲಿ ನೋವಿನಿಂದ ಕಚ್ಚತೊಡಗಿದ 12 ನಾಯಿಗಳ ವಿವರ ಪ್ರಕಟಿಸಿದರು. ಅದರಲ್ಲಿ 8ಕ್ಕೆ ಸೊಂಟದ ಕೀಲಿನ ತೊಂದರೆ ಇತ್ತು. ಮೊದಲು ಸಾಧುವಾಗಿದ್ದವು ಮುಟ್ಟಿದಾಗ, ಹಿಡಿದಾಗ ಕಚ್ಚುತ್ತಿದ್ದವು.

ನಮ್ಮ ಮನೆಗಳ ನೆಲವನ್ನೇ ನೋಡಿ. ಹಳೆಯ ರೆಡ್ ಆಕ್ಸೈಡ್ ಕಿತ್ತು ಹಾಕಿ ಎಲ್ಲರೂ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೇವೆ. ವಯಸ್ಸಾದ ಲ್ಯಾಬ್ರಡಾರ್ ಅದರ ಮೇಲೆ ಮಲಗಿ ಏಳುವುದನ್ನು ಒಂದು ಸಲ ಹತ್ತಿರದಿಂದ ಗಮನಿಸಿ. ಮುಂಗಾಲು ಊರಿ ಎದೆ ಎತ್ತುತ್ತದೆ, ಹಿಂಗಾಲು ಎರಡೂ ಹೊರಕ್ಕೆ ಜಾರುತ್ತವೆ, ಒಂದು ಕ್ಷಣ ಹಾಗೇ ನಿಂತು ಉಸಿರು ತೆಗೆದುಕೊಂಡು, ಸೊಂಟವನ್ನು ಪಕ್ಕಕ್ಕೆ ಎಳೆದು ಮತ್ತೆ ಏಳುತ್ತದೆ. ಅಷ್ಟು ಹೊತ್ತಿಗೆ ಮನೆಯ ಮಗು ಓಡಿ ಬಂದು ಅದರ ಬೆನ್ನಿನ ಮೇಲೆ ಬೀಳುತ್ತದೆ. ಇದೇ ಆಟವನ್ನು ಅದು ಐದು ವರ್ಷ ಸಹಿಸಿದೆ. ಈಗ ಆ ಸೊಂಟದಲ್ಲಿ ಮೂಳೆಗೆ ಮೂಳೆ ಉಜ್ಜುತ್ತಿದೆ. ಕಚ್ಚುತ್ತದೆ. ‘ಏನೂ ಮಾಡದೇ ಇದ್ದಾಗ ಕಚ್ಚಿತು’ ಎನ್ನುತ್ತೇವೆ.

ಕಿವಿ ಸೋಂಕು, ಬೇರು ಕೊಳೆತ ಹಲ್ಲು, ಬೆನ್ನುಹುರಿಯ ತೊಂದರೆ, ಬಾಲದ ಕೆಳಗಿನ ಗ್ರಂಥಿ ಕಟ್ಟಿಕೊಳ್ಳುವುದು, ಇವೆಲ್ಲ ಹೀಗೇ ಕೆಲಸ ಮಾಡುತ್ತವೆ. ಉಣ್ಣೆಯಿಂದ ಬರುವ ಟಿಕ್ ಫೀವರ್ ಬೆಂಗಳೂರಿನ ನಾಯಿಗಳಲ್ಲಿ ಸಾಮಾನ್ಯ. ಮೈಕೈ ನೋವು, ಸುಸ್ತು ಇರುವ ನಾಯಿಯನ್ನು ಮುಟ್ಟಿದರೆ ಅದು ಸಿಡಿಮಿಡಿಗೊಳ್ಳುತ್ತದೆ. ಕಣ್ಣಿಗೆ ಪೊರೆ ಬಂದ, ಕಿವಿ ಮಂದವಾದ ಮುದಿ ನಾಯಿ ಬೆಚ್ಚಿಬಿದ್ದು ಬಾಯಿ ಹಾಕುತ್ತದೆ. ಥೈರಾಯ್ಡ್ ಕಡಿಮೆಯಾಗುವುದು, ಫಿಟ್ಸ್, ಮಿದುಳಿನ ಗಡ್ಡೆ, ಮುಪ್ಪಿನ ಮರೆವು ಕೂಡ ಕಾರಣವಾಗಬಹುದು. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆಗೆ ಬಂದು ಒಂದೆರಡು ತಿಂಗಳಿಗೆ ಸುಳ್ಳು ಬಸಿರಿನಲ್ಲಿ ಚಪ್ಪಲಿಯನ್ನೋ ಗೊಂಬೆಯನ್ನೋ ಮರಿಯೆಂದು ಕಾಯುತ್ತದೆ, ಹತ್ತಿರ ಬಂದವರ ಮೇಲೆ ಎರಗುತ್ತದೆ.

5. ‘ಸಿಟ್ಟಿಗೆ ಮಾತ್ರೆ ಕೊಡಿ’ ಎಂದು ಕೇಳಬೇಡಿ, ಪೂರ್ತಿ ಪರೀಕ್ಷೆ ಕೇಳಿ

ಹಲ್ಲು, ಕಿವಿ, ಕಣ್ಣು, ಬೆನ್ನು, ಸೊಂಟ ಎಲ್ಲವನ್ನೂ ಮುಟ್ಟಿ ನೋಡುವಂತೆ ಹೇಳಿ. ರಕ್ತ ಪರೀಕ್ಷೆ, ಟಿಕ್ ಫೀವರ್ ಪರೀಕ್ಷೆ, ಥೈರಾಯ್ಡ್, ಬೇಕಾದರೆ ಎಕ್ಸ್‌ರೇ. ಆಸ್ಪತ್ರೆಯ ಹೆದರಿಕೆಯಲ್ಲಿ ಎಷ್ಟೋ ನಾಯಿಗಳು ನೋವನ್ನು ತೋರಿಸುವುದೇ ಇಲ್ಲ. ಹಾಗಾಗಿ ಮನೆಯಲ್ಲಿ ಅದು ಏಳುವುದು, ಮೆಟ್ಟಿಲು ಹತ್ತುವುದು, ತಿನ್ನುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಈಗ ಕೊಡುತ್ತಿರುವ ಔಷಧಗಳ ಚೀಟಿಯೂ ಇರಲಿ. ಚರ್ಮದ ತುರಿಕೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆ ಹಸಿವನ್ನೂ ಸಿಡುಕನ್ನೂ ಒಟ್ಟಿಗೇ ಏರಿಸಬಲ್ಲದು. ತಟ್ಟೆಯ ಹತ್ತಿರ ಗುರುಗುಟ್ಟುವುದು ಅಲ್ಲಿಂದಲೂ ಶುರುವಾಗುತ್ತದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಪತ್ತೆಯಾಗದಿದ್ದರೆ ಹೆಬ್ಬಾಳದ ಕಾಲೇಜು ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ. ಕೆಂಗೇರಿ ಕಡೆಯವರು ಒಂದು ವಿಷಯ ನೆನಪಿಡಿ: ಉತ್ತರಹಳ್ಳಿ ರಸ್ತೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿಗಳ ಆಸ್ಪತ್ರೆ. ಹಾವು, ಹದ್ದು, ಕೋತಿಗಳಿಗಾಗಿ ಇರುವ ಜಾಗ ಅದು. ಸಾಕುನಾಯಿಯನ್ನು ಅಲ್ಲಿಗೆ ಒಯ್ದು ಸಮಯ ಕಳೆಯಬೇಡಿ.

ನಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತವೆ.

6. ಎರಡು ವಾರ ಬರೆದಿಡಿ

ಕ್ಯಾಲೆಂಡರಿನ ಹಿಂದಾದರೂ ಸರಿ. ಎಷ್ಟು ಗಂಟೆ, ಎಲ್ಲಿ, ಯಾರು ಹತ್ತಿರ ಇದ್ದರು, ಅದಕ್ಕೆ ಒಂದು ನಿಮಿಷ ಮೊದಲು ಏನಾಯಿತು. ‘ಸುಮ್ಮಸುಮ್ಮನೆ’ ಎಂದು ಬರೆಯುವುದು ಬೇಡ. ಮೂರ್ನಾಲ್ಕು ಸಲ ಬರೆದ ಮೇಲೆ ಜಾಡು ಕಾಣುತ್ತದೆ: ಯಾವಾಗಲೂ ಸೋಫಾದಿಂದ ಇಳಿಸುವಾಗ, ಯಾವಾಗಲೂ ಬಲಗಿವಿ ಕಡೆಯಿಂದ ಮುಟ್ಟಿದಾಗ, ಯಾವಾಗಲೂ ಸಂಜೆ ಮಹಡಿಯ ಬಾಡಿಗೆಯವರು ಮೆಟ್ಟಿಲು ಇಳಿಯುವಾಗ. ವೈದ್ಯರಿಗೂ ತರಬೇತುದಾರರಿಗೂ ಈ ಒಂದು ಹಾಳೆ ಅರ್ಧ ಕೆಲಸ ಮಾಡಿಕೊಡುತ್ತದೆ.

ನಾಯಿಗೆ ಒಂದೂವರೆ, ಎರಡು ವರ್ಷವಾಗಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಆ ವಯಸ್ಸಿಗೆ ಮರಿತನ ಕಳೆದು ಪ್ರಾಯಕ್ಕೆ ಬರುತ್ತದೆ. ಮರಿಯಾಗಿದ್ದಾಗ ಹೆದರಿ ಅವಿತುಕೊಳ್ಳುತ್ತಿದ್ದದ್ದು ಈಗ ಎದುರು ಬೀಳುತ್ತದೆ. ಕಾಯಿಲೆ ಇಲ್ಲದೆಯೂ ಹೀಗಾಗಬಹುದು.

7. ಗುರುಗುಟ್ಟುವುದನ್ನು ನಿಲ್ಲಿಸಬೇಡಿ

ಗುರ್ ಎನ್ನುವ ನಾಯಿ ಕಚ್ಚದೆ ಇರಲು ಪ್ರಯತ್ನಿಸುತ್ತಿರುತ್ತದೆ. ಪ್ರತಿ ಸಲ ಗುರುಗುಟ್ಟಿದಾಗಲೂ ಏಟು ಬಿದ್ದರೆ ಅದು ಗುರುಗುಟ್ಟುವುದನ್ನಷ್ಟೇ ಬಿಡುತ್ತದೆ, ಆಮೇಲೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಅದಕ್ಕೂ ಮೊದಲಿನ ಸೂಚನೆಗಳನ್ನು ಮನೆಯವರೆಲ್ಲ ಕಲಿಯಿರಿ. ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಮುಖ ಆ ಕಡೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ತಿನ್ನುತ್ತಿದ್ದ ನಾಯಿ ತಟ್ಟೆಯ ಮೇಲೆ ಮೂತಿ ಇಟ್ಟು ಕಲ್ಲಿನಂತೆ ನಿಂತುಬಿಟ್ಟರೆ ಅದೇ ಕೊನೆಯ ಎಚ್ಚರಿಕೆ. ಬಾಲ ಆಡುತ್ತಿದೆ ಎಂದು ಮೋಸ ಹೋಗಬೇಡಿ. ಬಿಗಿಯಾಗಿ ಮೇಲೆತ್ತಿ ಆಡಿಸುವ ಬಾಲ ಸ್ನೇಹದ್ದಲ್ಲ.

8. ಹೊಡೆತದಿಂದ ಯಾವುದೂ ಸರಿಹೋಗುವುದಿಲ್ಲ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ತಮ್ಮಲ್ಲಿಗೆ ಬಂದ ನಾಯಿ ಮಾಲೀಕರನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಹೊಡೆದು, ಒದ್ದು ನೋಡಿದವರಲ್ಲಿ ಶೇ 43 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಬಾಯಲ್ಲಿದ್ದದ್ದನ್ನು ಬಲವಂತವಾಗಿ ಕಿತ್ತುಕೊಳ್ಳಲು ಹೋದವರಲ್ಲಿ ಶೇ 39, ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ ಶೇ 31, ದುರುಗುಟ್ಟಿ ನೋಡಿದವರಲ್ಲಿ ಶೇ 30.

‘ನಾಯಿ ತಾನೇ ಯಜಮಾನ ಆಗೋಕೆ ನೋಡ್ತಿದೆ, ತುಳಿದಿಡಬೇಕು’ ಎನ್ನುವ ಮಾತನ್ನು ಈಗಲೂ ಕೇಳುತ್ತೇವೆ. ಇದು ತೋಳಗಳಿಂದ ನಾಯಿಗೆ ಬಂದ ವಿಚಾರ. ತೋಳಗಳ ಬಗ್ಗೆ ಆ ಯಜಮಾನಿಕೆಯ ಮಾತನ್ನು ತನ್ನ 1970ರ ಪುಸ್ತಕದಿಂದ ಜನಪ್ರಿಯ ಮಾಡಿದ ವಿಜ್ಞಾನಿ ಡೇವಿಡ್ ಮೀಚ್, 1999ರಲ್ಲಿ ತಾನೇ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದರು.

9. ಮೂತಿಗೆ ಕುಕ್ಕೆ ಅಭ್ಯಾಸ ಮಾಡಿಸಿ

ಒಕ್ಕಣೆ ಕಾಲದಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಿದ್ದ ಕುಕ್ಕೆಯಂಥದೇ ಬಾಸ್ಕೆಟ್ ಮಝಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿದರೂ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಬೇಡ, ಸೆಕೆಯಲ್ಲಿ ಅಪಾಯ. ಮೊದಲ ದಿನವೇ ಕಟ್ಟಿ ಎಳೆದೊಯ್ಯಬೇಡಿ. ಒಳಗೆ ಮೊಸರು ಸವರಿ ನಾಯಿ ತಾನಾಗಿ ಮೂತಿ ತೂರಿಸಲಿ, ಒಂದು ವಾರ ಅಷ್ಟೇ ಸಾಕು. ಆಮೇಲೆ ಪಟ್ಟಿ ಹಾಕಿ.

10. ಗೇಟಿನ ಹತ್ತಿರ ಕಟ್ಟಬೇಡಿ

ಇಪ್ಪತ್ತು ಮೂವತ್ತರ ಸೈಟಿನ ಮನೆ. ಗೇಟು ತೆಗೆದರೆ ರಸ್ತೆ, ಕಾರು ನಿಲ್ಲಿಸುವ ಜಾಗದಲ್ಲೇ ಸಂಪು, ಅಲ್ಲೇ ನಾಯಿಯ ಚೈನು. ಬೆಳಗ್ಗೆ ಹಾಲಿನವನಿಂದ ಹಿಡಿದು ಕರೆಂಟು ಮೀಟರ್ ಓದುವವರು, ಕಸದ ಗಾಡಿ, ಊಟ ತರುವ ಹುಡುಗರು, ಬೀದಿನಾಯಿಗಳು, ಎಲ್ಲವೂ ಎರಡಡಿ ದೂರದಲ್ಲಿ ಹಾದುಹೋಗುತ್ತವೆ. ಕಟ್ಟಿದ ನಾಯಿ ಓಡಿಹೋಗಲೂ ಆಗದು, ಹತ್ತಿರ ಹೋಗಿ ಮೂಸಲೂ ಆಗದು. ದಿನವಿಡೀ ಕುದಿಯುತ್ತದೆ, ಸಂಜೆ ಆ ಸಿಟ್ಟು ಬೆಲ್ಟು ಬಿಚ್ಚಲು ಹೋದವರ ಮೇಲೆ ಬೀಳುತ್ತದೆ. ಗಣೇಶನ ಮೆರವಣಿಗೆಯ ತಮಟೆ, ದೀಪಾವಳಿಯ ಪಟಾಕಿ ಬಂದರಂತೂ ಕೇಳುವುದೇ ಬೇಡ. ಮನೆಯ ಹಿಂಭಾಗದ ಕೋಣೆಗೆ, ರಸ್ತೆ ಕಾಣದ ಕಡೆಗೆ ಜಾಗ ಬದಲಿಸಿ. ಗೇಟಿನ ಕೆಳಭಾಗಕ್ಕೆ ಶೀಟು ಹೊಡೆಸಿ. ಜಾರುವ ನೆಲಕ್ಕೆ ಅದು ಓಡಾಡುವ ದಾರಿಯುದ್ದಕ್ಕೂ ಮ್ಯಾಟ್ ಹಾಕಿ. ಇಷ್ಟಕ್ಕೇ ಅರ್ಧ ಸಮಾಧಾನವಾಗುವ ನಾಯಿಗಳಿವೆ.

11. ಮಕ್ಕಳು ಮತ್ತು ನಾಯಿಯ ನಡುವೆ ಬಾಗಿಲಿರಲಿ

ಕಾರಣ ಸಿಗುವವರೆಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡಲೇಬೇಡಿ. ‘ನಾನಿಲ್ಲೇ ಇದ್ದೀನಲ್ಲ’ ಎನ್ನುವುದು ಸಾಲದು. ಕಡಿತ ಆಗುವುದು ನಾವು ತಿರುಗಿ ನೋಡುವಷ್ಟರಲ್ಲಿ. ಮಕ್ಕಳ ಮುಖ ನಾಯಿಯ ಮೂತಿಯ ಎತ್ತರಕ್ಕೇ ಇರುತ್ತದೆ. ಮಲಗಿದ, ತಿನ್ನುತ್ತಿರುವ ನಾಯಿಯ ಹತ್ತಿರ ಹೋಗದಿರುವುದನ್ನು ಅಜ್ಜಿ ತಾತನಿಂದ ಹಿಡಿದು ಎಲ್ಲರೂ ಪಾಲಿಸಬೇಕು.

12. ತರಬೇತುದಾರರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ

‘ನಾಯಿ ಮಾತು ಕೇಳದಿದ್ದರೆ ಏನು ಮಾಡ್ತೀರಿ?’ ಕತ್ತು ಬಿಗಿಯುವ ಚೈನು, ಶಾಕ್ ಬೆಲ್ಟು ಎಂಬ ಉತ್ತರ ಬಂದರೆ ವಂದಿಸಿ ಕಳಿಸಿ. ನಾಯಿಯನ್ನು ಊರಾಚೆಯ ಫಾರ್ಮಿಗೆ ಒಯ್ದು ತಿಂಗಳ ನಂತರ ‘ರೆಡಿ ಮಾಡಿ’ ತಂದುಕೊಡುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ಸಿಟ್ಟು ಬರಿಸುತ್ತಿರುವುದು ನಿಮ್ಮ ಮನೆಯ ಮೆಟ್ಟಿಲು, ನಿಮ್ಮ ಸೋಫಾ, ನಿಮ್ಮ ಅಭ್ಯಾಸ; ಅದು ಫಾರ್ಮಿನಲ್ಲಿ ಇರುವುದಿಲ್ಲ. ಮನೆಗೇ ಬಂದು, ಎಲ್ಲರನ್ನೂ ಕೂರಿಸಿಕೊಂಡು ಕೆಲಸ ಮಾಡುವವರು ಬೇಕು. ಕೆಲವು ನಾಯಿಗಳಿಗೆ ಪಶುವೈದ್ಯರು ಆತಂಕ ತಗ್ಗಿಸುವ ಫ್ಲೂಆಕ್ಸೆಟಿನ್‌ನಂಥ ಔಷಧ ಬರೆಯುತ್ತಾರೆ. ಗುಣ ಕಾಣಲು 4ರಿಂದ 6 ವಾರ ಬೇಕು, ನಡುವೆ ನಿಲ್ಲಿಸಬೇಡಿ.

13. ಕಾನೂನು ತಿಳಿದಿರಲಿ

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆದರೆ ಹೊಣೆ ಮಾಲೀಕರದೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪಕ್ಕದ ಮನೆಯವರಿಗೆ ಕಚ್ಚಿದ್ದರೆ ಅವರ ಆಸ್ಪತ್ರೆ ಖರ್ಚು ನೀವೇ ಕೊಡಿ, ಲಸಿಕೆಗೆ ನೀವೇ ಕರೆದುಕೊಂಡು ಹೋಗಿ, ನಾಯಿಯ ಲಸಿಕೆ ಪುಸ್ತಕ ತೋರಿಸಿ. ಮಾತು ಸ್ಟೇಷನ್ನಿಗೆ ಹೋಗದೆ ಉಳಿಯುವುದು ಇಷ್ಟರಿಂದಲೇ.

14. ಬಿಟ್ಟು ಬರುವ ಯೋಚನೆ ಬಂದರೆ

ರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಎಲ್ಲೋ ಇಳಿಸಿ ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ತಿನ್ನುವುದು ಗೊತ್ತಿಲ್ಲ, ಅಲ್ಲಿನ ನಾಯಿಗಳು ಅದನ್ನು ಸೇರಿಸುವುದಿಲ್ಲ. ನೋವಿನಲ್ಲಿರುವ, ಕಚ್ಚುವ ನಾಯಿಯನ್ನು ಅಪರಿಚಿತ ಮಕ್ಕಳ ನಡುವೆ ಬಿಟ್ಟಂತೆಯೂ ಆಗುತ್ತದೆ.

ಪರೀಕ್ಷೆ, ಚಿಕಿತ್ಸೆ, ಬದಲಾವಣೆ ಎಲ್ಲ ಮಾಡಿಯೂ ಕಡಿತ ಹೆಚ್ಚುತ್ತಲೇ ಹೋಗುವ ನಾಯಿಗಳು ಇವೆ, ಕೆಲವೇ ಆದರೂ ಇವೆ. ಮಿದುಳಿನ ಕಾಯಿಲೆ, ವಾಸಿಯಾಗದ ನೋವು ಇದ್ದಾಗ ದಯಾಮರಣದ ಮಾತನ್ನು ಪಶುವೈದ್ಯರು ಎತ್ತಿದರೆ ಅವರ ಮೇಲೆ ಸಿಟ್ಟಾಗಬೇಡಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ತೆಗೆದುಕೊಂಡು, ಮನೆಯವರೆಲ್ಲ ಕೂತು ತೀರ್ಮಾನಿಸಿ. ಮಕ್ಕಳಿಲ್ಲದ, ನಾಯಿ ಬಲ್ಲ ಮನೆಯೊಂದು ಒಪ್ಪಿ ಮುಂದೆ ಬಂದರೆ ಕೊಡಬಹುದು. ಆದರೆ ‘ಬಹಳ ಸಾಧು ನಾಯಿ’ ಎಂದು ಹೇಳಿ ದಾಟಿಸುವುದು ಆ ಮನೆಯವರಿಗೂ ನಾಯಿಗೂ ಮಾಡುವ ದ್ರೋಹ. ಲಸಿಕೆ ಪುಸ್ತಕ, ಪರೀಕ್ಷೆಯ ವರದಿಗಳು, ಯಾವ ದಿನ ಯಾರಿಗೆ ಯಾವ ಸಂದರ್ಭದಲ್ಲಿ ಕಚ್ಚಿತು ಎಂದು ಬರೆದಿಟ್ಟ ಹಾಳೆ, ಈ ಮೂರೂ ನಾಯಿಯ ಜೊತೆಗೇ ಹೋಗಬೇಕು.